ಮಾತಾಡುತ್ತ ಓಡುವ ಓಟ

ತೂಕ ಇಳಿಸಲೆಂದು ಶುರುವಾದ ಓಟ ಅರ್ಧಕ್ಕೇ ನಿಂತರೆ ಅದಕ್ಕೆ ಬಹುಮಟ್ಟಿಗೆ ವೇಗವೇ ಕಾರಣ. ಮೊದಲ ದಿನವೇ ಶಾಲಾ ಕ್ರೀಡಾಕೂಟದ ಹುರುಪಿನಲ್ಲಿ ನುಗ್ಗಿದವರಿಗೆ ಏದುಸಿರು ಬರುತ್ತದೆ, ಪಕ್ಕೆ ಹಿಡಿಯುತ್ತದೆ, ಮರುದಿನ ಮೆಟ್ಟಿಲಿಳಿಯಲು ಮೀನಖಂಡ ಒಪ್ಪುವುದಿಲ್ಲ. ಹವ್ಯಾಸದ ಓಟದ ಜಾಡೇ ಬೇರೆ. ಪಕ್ಕದಲ್ಲಿ ಓಡುವವರೊಂದಿಗೆ ಏದುಸಿರಿಲ್ಲದೆ ಮಾತಾಡಲು ಆಗುವಷ್ಟೇ ಅದರ ವೇಗ. ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ 1960ರ ದಶಕದ ಆರಂಭದಲ್ಲಿ ಆಕ್ಲೆಂಡಿನ ನಡುವಯಸ್ಸಿನವರನ್ನು ಓಟಕ್ಕೆ ಇಳಿಸಿದ್ದು ಈ ನಿಧಾನದಿಂದಲೇ. ಅದನ್ನು ಕಂಡು ಬಂದ ಅಮೆರಿಕದ ತರಬೇತುದಾರ ಬಿಲ್ ಬೋವರ್‌ಮನ್ 1967ರಲ್ಲಿ ಹೃದ್ರೋಗ ತಜ್ಞರೊಬ್ಬರ ಜೊತೆ ಪುಸ್ತಕ ಬರೆದ ಮೇಲೆ ಜಾಗಿಂಗ್ ಅಮೆರಿಕದಲ್ಲಿ ಮನೆಮಾತಾಯಿತು.

ಮೈಸೂರಿನವರಿಗೆ ಓಡಲು ಕುಕ್ಕರಹಳ್ಳಿ ಕೆರೆಯ ಏರಿಯಿದೆ. ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದಂಥ ಊರಿನಲ್ಲಿ ದಾರಿಯೇ ಮೈದಾನ. ಸಂತಾನ ವೇಣುಗೋಪಾಲಸ್ವಾಮಿ ದೇವಸ್ಥಾನಕ್ಕೆ ಬರುವ ಭಕ್ತರ ವಾಹನಗಳು ಶುರುವಾಗುವ ಮೊದಲು, ನಸುಕಿನಲ್ಲಿ, ರಸ್ತೆ ಓಡುವವರದು. ಟಾರಿಗಿಂತ ಹೊಲದ ಬದಿಯ ಮಣ್ಣುದಾರಿ ಪಾದಕ್ಕೆ ಹಿತ. ಎರೆಮಣ್ಣಾದರೆ ಮಾತ್ರ ಮಳೆಯ ಮರುದಿನ ಅದರ ತಂಟೆಗೆ ಹೋಗಬಾರದು. ಹೆಜ್ಜೆಹೆಜ್ಜೆಗೂ ಬೂಟಿನಡಿಗೆ ಮೆತ್ತಿಕೊಂಡು ಕಾಲು ಎತ್ತಲಾರದಷ್ಟು ಭಾರವಾಗುತ್ತದೆ. ನಾಯಿ ಬೊಗಳಿದರೆ ಓಟ ನಿಲ್ಲಿಸಿ ನಡೆಯುವುದೇ ಜಾಣತನ. ‘ಏನಣ್ಣ, ಬಸ್ ತಪ್ಪೋಯ್ತಾ?’ ಎಂದು ಜಗಲಿಯಿಂದ ಬರುವ ಪ್ರಶ್ನೆಗೆ ಓಡುತ್ತಲೇ ಉತ್ತರ ಕೊಡಲಾದರೆ ವೇಗ ಸರಿಯಿದೆ ಎಂದರ್ಥ.

ನಿಧಾನ ಓಡಿದರೆ ಬೊಜ್ಜು ಕರಗದೆಂಬುದು ತಪ್ಪು ತಿಳಿವಳಿಕೆ. ಓಟದಲ್ಲಿ ಮೈತೂಕದ ಪ್ರತಿ ಕಿಲೋಗೆ, ಪ್ರತಿ ಕಿಲೋಮೀಟರಿಗೆ ಸುಮಾರು 1 ಕಿಲೋಕ್ಯಾಲರಿ ಖರ್ಚಾಗುತ್ತದೆ. ವೇಗ ಬದಲಾದರೂ ಈ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. 80 ಕಿಲೋ ತೂಗುವವರು 5 ಕಿಲೋಮೀಟರ್ ಓಡಿದರೆ 400 ಕಿಲೋಕ್ಯಾಲರಿ ಆಯಿತು. ಒಂದು ಕಿಲೋ ಕೊಬ್ಬಿನಲ್ಲಿ ಇರುವುದು ಸುಮಾರು 7,700. ಅಂದರೆ ಅಂಥ ಹತ್ತೊಂಬತ್ತು ಓಟಕ್ಕೆ ಒಂದು ಕಿಲೋ.

ಹಾಗಾಗಿ ತೂಕ ಇಳಿಸುವ ಕೆಲಸ ಅರ್ಧಕ್ಕಿಂತ ಹೆಚ್ಚು ತಟ್ಟೆಯಲ್ಲೇ ಆಗಬೇಕು. ರಾಗಿಯೂ ಅಕ್ಕಿಯೂ ಕ್ಯಾಲರಿಯಲ್ಲಿ ಹೆಚ್ಚುಕಡಿಮೆ ಒಂದೇ. ನಾರು ಹೆಚ್ಚಿರುವ ಮುದ್ದೆ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ ಅಷ್ಟೆ. ಎರಡು ಮುದ್ದೆ ಒಂದಾದರೆ, ಉಪ್ಸಾರಿನ ಜೊತೆ ಸೊಪ್ಪು, ಕಾಳು ಹೆಚ್ಚಾದರೆ ಹಸಿವಿನ ಕಾಟವಿಲ್ಲದೆ ತೂಕ ಇಳಿಯುತ್ತದೆ. ಓಡಿ ಬಂದ ಧೈರ್ಯದ ಮೇಲೆ ಹೋಟೆಲಿನಲ್ಲಿ ಮಸಾಲೆದೋಸೆ, ಸಕ್ಕರೆ ಕಾಫಿ ಮುಗಿಸಿದರೆ ಬೆಳಗಿನ ಗಳಿಕೆ ಅಲ್ಲೇ ಸಂದಾಯವಾಗುತ್ತದೆ.

ಓಡುವಾಗ ಪ್ರತಿ ಹೆಜ್ಜೆಗೂ ನೆಲದಿಂದ ಕಾಲಿಗೆ ಮೈತೂಕದ ಎರಡು ಮೂರು ಪಟ್ಟು ಬಲ ಬೀಳುತ್ತದೆ. ತೂಕ ಹೆಚ್ಚಿರುವವರು ಅದಕ್ಕೇ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಶುರುಮಾಡಿ, ಓಟದ ಪಾಲನ್ನು ಮೆಲ್ಲಗೆ ಏರಿಸುತ್ತಾರೆ. ಉಸಿರು ಬೇಗ ಪಳಗುತ್ತದೆ, ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ವಾರಕ್ಕೆ ಮೂರು ದಿನ, ನಡುವೆ ಬಿಡುವು ಇದ್ದರೆ ಸಾಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಎದೆನೋವು ಇರುವವರು ಮೊದಲು ವೈದ್ಯರನ್ನು ಕಾಣಬೇಕು.

ಓಟದ ರುಚಿ ಹತ್ತುವುದು ಮೊದಲ ಹತ್ತು ನಿಮಿಷ ಕಳೆದ ಮೇಲೆ. ಅಲ್ಲಿಯವರೆಗೆ ಮೈ ಗೊಣಗುತ್ತದೆ. ಆಮೇಲೆ ಬೆವರು ಒಡೆದು, ಉಸಿರು ಹೆಜ್ಜೆಗೆ ಹೊಂದಿಕೊಂಡು, ಕಾಲು ತಾನಾಗಿ ಸಾಗುತ್ತದೆ. ಕಣ್ಣು ಹೊಲದ ಕಡೆಗೆ ಹೊರಳುತ್ತದೆ. ರಾಗಿ ತೆನೆಯ ಮೇಲಿನ ಇಬ್ಬನಿ, ಕೊಟ್ಟಿಗೆಯ ಹೊಗೆ ಕಾಣುತ್ತವೆ, ಡೇರಿಗೆ ಹಾಲಿನ ಕ್ಯಾನು ಒಯ್ಯುವವರು ಒಬ್ಬೊಬ್ಬರಾಗಿ ಎದುರಾಗುತ್ತಾರೆ. ಈ ಹಿತಕ್ಕೆ ಮೈಯೇ ತಯಾರಿಸುವ ಎಂಡೋಕ್ಯಾನಬಿನಾಯ್ಡ್ ಎಂಬ ರಾಸಾಯನಿಕಗಳ ಪಾಲೂ ಇದೆ ಎನ್ನುತ್ತದೆ ವಿಜ್ಞಾನ.

ಓಡಿದ ಕೂಡಲೆ ತಕ್ಕಡಿ ತೋರಿಸುವ ಇಳಿಕೆ ಬೆವರಿನದು, ನೀರು ಕುಡಿದರೆ ವಾಪಸ್. ವಾರಕ್ಕೊಮ್ಮೆ, ಬೆಳಗ್ಗೆ ಬರಿಹೊಟ್ಟೆಯಲ್ಲಿ ತೂಗಿದ್ದು ನಂಬಲರ್ಹ. ಸೊಂಟದ ಅಳತೆ ಇನ್ನೂ ಒಳ್ಳೆಯ ಸಾಕ್ಷಿ: ಭಾರತೀಯರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ ಬೇಕು. ಗುರಿ ಮುಟ್ಟಿದ ಮೇಲೂ ಓಟ ಬಿಡುವಂತಿಲ್ಲ. ಇಳಿದ ತೂಕ ಮತ್ತೆ ಏರದಂತೆ ಕಾಯುವುದರಲ್ಲಿ ವ್ಯಾಯಾಮದ ಪಾಲು ದೊಡ್ಡದು. ಕಾಟಾಚಾರಕ್ಕೆ ಓಡುವವರು ಅಷ್ಟು ವರ್ಷ ಮುಂದುವರಿಸುವುದು ಕಷ್ಟ. ರುಚಿ ಹತ್ತಿದವರಿಗೆ ಅದು ಸಲೀಸು.