ಹೊಗೆ ಯಾವ ಬಣ್ಣ?

ಮಕ್ಕಳೇ, ಈ ಜನವರಿಯ ಎರಡನೇ ಶನಿವಾರ ನಮ್ಮ ಕನ್ನಡ ತರಗತಿ ಐವತ್ತು ನಿಮಿಷ ತಡವಾಗಿ ಆರಂಭವಾದದ್ದು ನಿಮಗೆ ನೆನಪಿರಬಹುದು. ಸಭಾಂಗಣದ ಬೀಗದ ಕೈ ನಮ್ಮ ಹತ್ತಿರ, ನಾವು ನಮ್ಮ ಮನೆಯ ಮುಂದೆ ಕಾರಿನ ಹತ್ತಿರ, ನೀವೆಲ್ಲ ಅಲ್ಲಿ ಹಿಮದಲ್ಲಿ. ಅಂದು ಚಳಿ ಸೊನ್ನೆಗಿಂತ 11 ಡಿಗ್ರಿ ಕೆಳಗಿತ್ತು. ನಾವು ಕೊನೆಗೂ ನೆರೆಯವರ ಕಾರಿನಲ್ಲಿ ಬಂದು ಇಳಿದಾಗ, ಕೈಗವಸು ಮರೆತು ಬಂದಿದ್ದ ಪುಟ್ಟ ಹುಡುಗನೊಬ್ಬ ಅಮ್ಮನ ಕೋಟಿನ ಜೇಬಿನಲ್ಲಿ ಎರಡೂ ಕೈ ತೂರಿಸಿಕೊಂಡು ನಿಂತಿದ್ದ. ಯಾರೂ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಅನಿಸಿತು. ಅದೇ ದಿನ ಬೀಗದ ಕೈಯ ಇನ್ನೊಂದು ಪ್ರತಿ ಮಾಡಿಸಿ ಹತ್ತಿರದಲ್ಲೇ ಇರುವ ಪೋಷಕರೊಬ್ಬರಿಗೆ ಕೊಟ್ಟೆವು. ಮೊದಲೇ ಮಾಡಬೇಕಾಗಿದ್ದ ಕೆಲಸ.

ನಮ್ಮದು 1991ರಲ್ಲಿ ತಯಾರಾದ ಡೀಸೆಲ್ ಕಾರು, ನಾಲ್ಕು ಸಿಲಿಂಡರಿನದು. ಜರ್ಮನಿಯಲ್ಲಿ 30 ವರ್ಷ ತುಂಬಿದ, ಮೂಲ ರೂಪ ಕೆಡದ ಕಾರಿಗೆ ನಂಬರ್ ಪ್ಲೇಟಿನ ಕೊನೆಯಲ್ಲಿ 'ಎಚ್' ಅಕ್ಷರ ಕೊಡುತ್ತಾರೆ. ಆ ಅಕ್ಷರವಿದ್ದರೆ ವರ್ಷಕ್ಕೆ ಸುಮಾರು 191 ಯೂರೋ ತೆರಿಗೆ ಕಟ್ಟಿದರಾಯಿತು, ಹಳೆಯ ಡೀಸೆಲ್ ಗಾಡಿಗಳನ್ನು ಬಿಡದ ನಗರದ ಹಸಿರು ವಲಯಗಳಿಗೂ ಹೋಗಬಹುದು. ಹೀಗಾಗಿ ನಾವು ಹಳೆಯ ಕಾರು ಇಟ್ಟುಕೊಂಡಿರುವುದು ಶೋಕಿಗಲ್ಲ, ಲೆಕ್ಕಾಚಾರಕ್ಕೆ. ಬೇಸಿಗೆಯಲ್ಲಿ ಅದು ಬಂಗಾರದಂಥ ಗಾಡಿ. ನವೆಂಬರ್ ಬಂತೆಂದರೆ ಬೆಳಿಗ್ಗೆ ಎಬ್ಬಿಸುವುದೇ ಕಷ್ಟ. ಇಪ್ಪತ್ತು ಸೆಕೆಂಡ್ ಗಿರಗಿರ ತಿರುಗಿ, ಕೆಮ್ಮಿ, ಇಡೀ ಮೈ ನಡುಗಿಸಿಕೊಂಡು, ಎರಡು ಕಾಲಿನಲ್ಲಿ ಕುಂಟಿದಂತೆ ಓಡಿ, ಆಮೇಲೆ ಸರಿಯಾಗುತ್ತಿತ್ತು. ಈ ವರ್ಷ ಅದೂ ಇಲ್ಲ.

ಮೊದಲು ಬ್ಯಾಟರಿಯ ಮೇಲೆ ಅನುಮಾನ ಪಟ್ಟೆವು. ಚಳಿ ಹೆಚ್ಚಾದಂತೆ ಬ್ಯಾಟರಿಯ ಶಕ್ತಿ ಕುಸಿಯುತ್ತದೆ. ಸೊನ್ನೆಗಿಂತ 18 ಡಿಗ್ರಿ ಕೆಳಗಾದರೆ ಹೆಚ್ಚುಕಡಿಮೆ ಅರ್ಧವೇ ಉಳಿಯುತ್ತದೆ. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಜೋನಿಬೆಲ್ಲದ ಹಾಗೆ ಗಟ್ಟಿಯಾಗಿ, ಎಂಜಿನ್ ತಿರುಗಿಸಲು ಇನ್ನೂ ಹೆಚ್ಚು ಶಕ್ತಿ ಬೇಕಾಗುತ್ತದೆ. ಆದ್ದರಿಂದ ಅನುಮಾನ ತಪ್ಪಲ್ಲ. ಹೊಸ ಬ್ಯಾಟರಿ ತಂದು ಹಾಕಿದೆವು. ಎಂಜಿನ್ ಮೊದಲಿಗಿಂತ ಜೋರಾಗಿ ತಿರುಗಿತು. ಸ್ಟಾರ್ಟ್ ಆಗಲಿಲ್ಲ.

ನೆರೆಯವರು ಡೀಸೆಲ್ ಹೆಪ್ಪುಗಟ್ಟಿರಬೇಕು ಎಂದರು. ಡೀಸೆಲ್‌ನಲ್ಲಿ ಮೇಣದ ಅಂಶವಿದೆ. ಚಳಿಗೆ ಅದು ಹರಳುಗಟ್ಟಿ ಫಿಲ್ಟರನ್ನು ಮುಚ್ಚುತ್ತದೆ. ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗುವುದನ್ನು ನೀವೆಲ್ಲ ನೋಡಿದ್ದೀರಿ, ಹಾಗೆಯೇ ಇದೂ. ಆದರೆ ಇಲ್ಲಿನ ಬಂಕುಗಳಲ್ಲಿ ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಮಾರುವುದು ಸೊನ್ನೆಗಿಂತ 20 ಡಿಗ್ರಿ ಕೆಳಗಿನವರೆಗೂ ಫಿಲ್ಟರಿನಲ್ಲಿ ಹರಿಯುವಂಥ ಚಳಿಗಾಲದ ಡೀಸೆಲ್. ನಾವು ಹೊಸ ವರ್ಷದ ಮಾರನೆಯ ದಿನವಷ್ಟೇ ಟ್ಯಾಂಕ್ ತುಂಬಿಸಿದ್ದೆವು. ಅದಲ್ಲ.

ಇನ್ನೊಬ್ಬರು ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಿರಿ ಎಂದರು. ಪೋಷಕರಲ್ಲಿ ಯಾರಿಗಾದರೂ ಈ ಯೋಚನೆ ಇದ್ದರೆ ದಯವಿಟ್ಟು ಬೇಡ. ಅದು ಈಥರ್. ಗ್ಲೋ ಪ್ಲಗ್ ಇರುವ ಎಂಜಿನ್ನಿನೊಳಗೆ ಹೊತ್ತಲ್ಲದ ಹೊತ್ತಿನಲ್ಲಿ ಹೊತ್ತಿಕೊಂಡರೆ ಎಂಜಿನ್ ಒಡೆಯಬಹುದು, ಕೈಯೂ ಸುಡಬಹುದು.

ಕೊನೆಗೆ ಗ್ಯಾರೇಜಿಗೆ ಎಳೆಸಿಕೊಂಡು ಹೋದೆವು. ಅಲ್ಲಿ ಹತ್ತು ನಿಮಿಷ ನೋಡಿ, "ವಯಸ್ಸಾಗಿದೆ, ಕಂಪ್ರೆಶನ್ ಹೋಗಿದೆ, ಗುಜರಿಗೆ ಹಾಕಿ" ಎಂದರು. ಅಳೆದು ನೋಡಿ ಹೇಳಿದ ಮಾತಲ್ಲ ಅದು. ಆದರೂ ಮನೆಗೆ ಬಂದು ಇಬ್ಬರೂ ಸುಮ್ಮನೆ ಕುಳಿತೆವು. ಬೇರೆ ಕಾರು ಕೊಳ್ಳಬೇಕೆಂದರೆ ಕೈಯಲ್ಲಿದ್ದದ್ದು ಬೇಸಿಗೆ ರಜೆಯಲ್ಲಿ ಊರಿಗೆ ಹೋಗಲು ಕೂಡಿಟ್ಟ ಟಿಕೆಟಿನ ಹಣವೊಂದೇ. ಅಮ್ಮ ಹೋದ ಮೇಲೆ ತೀರ್ಥಹಳ್ಳಿಯ ಕಡೆ ತೋಟದ ಮನೆಯಲ್ಲಿ ಅಪ್ಪಯ್ಯ ಒಬ್ಬರೇ ಇದ್ದಾರೆ. ನಾವು ಹೋಗಿ ಮೂರು ವರ್ಷವಾಗಿತ್ತು.

ಅಪ್ಪಯ್ಯನಿಗೆ ಫೋನ್ ಮಾಡಿದ್ದು ಈ ವರ್ಷ ಬರುವುದು ಅನುಮಾನ ಎಂದು ಹೇಳುವುದಕ್ಕೆ. ಅವರು ಅದಕ್ಕೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಸ್ಟಾರ್ಟ್ ಮಾಡುವಾಗ ಹೊಗೆ ಬರ್ತದಾ? ಎಂಥ ಬಣ್ಣ?"

ನಮಗೆ ಗೊತ್ತಿರಲಿಲ್ಲ. ಎರಡು ತಿಂಗಳಿನಿಂದ ನಾವು ಒಳಗೆ ಕುಳಿತು ಮುಂದಿನ ದೀಪಗಳನ್ನೇ ನೋಡುತ್ತಿದ್ದೆವು. ಹಿಂದೆ ಏನು ಬರುತ್ತಿದೆ ಎಂದು ಒಬ್ಬರೂ ನೋಡಿರಲಿಲ್ಲ.

ಅಪ್ಪಯ್ಯ ಮೆಕ್ಯಾನಿಕ್ ಅಲ್ಲ. ಅಡಿಕೆ ತೋಟಕ್ಕೆ ಹಳ್ಳದಿಂದ ನೀರು ಎತ್ತಲು ಒಂದು ಸಿಲಿಂಡರಿನ ಆಯಿಲ್ ಎಂಜಿನ್ ಇಟ್ಟುಕೊಂಡಿದ್ದರು, ಅಷ್ಟೆ. ಅದಕ್ಕೆ ಬ್ಯಾಟರಿಯೂ ಇಲ್ಲ, ಕೀಲಿಯೂ ಇಲ್ಲ. ಮೇಲಿನ ಸಣ್ಣ ಲಿವರ್ ಎತ್ತಿ ಒಳಗಿನ ಒತ್ತಡ ಬಿಡಿಸಿ, ಹ್ಯಾಂಡಲ್ ಹಾಕಿ ಗಾಲಿಯನ್ನು ಜೋರಾಗಿ ತಿರುಗಿಸಿ, ವೇಗ ಬಂದಾಗ ಲಿವರ್ ಬೀಳಿಸಬೇಕು. ಡಿಸೆಂಬರಿನ ಬೆಳಗಿನಲ್ಲಿ ಅದೂ ಹಟ ಹಿಡಿಯುತ್ತಿತ್ತು. ಆಗ ಬಚ್ಚಲಿನ ಹಂಡೆಯಿಂದ ಬಿಸಿನೀರು ಹೊತ್ತು ತಂದು ಎಂಜಿನ್ನಿನ ನೀರಿನ ಜಾಗಕ್ಕೆ ಹೊಯ್ಯುವುದು ಚಿಕ್ಕಂದಿನಲ್ಲಿ ನಮ್ಮ ಪಾಲಿನ ಕೆಲಸ. ಅದರಿಂದ ಏನಾಗುತ್ತದೆ ಎಂದು ಅಂದು ಕೇಳಲಿಲ್ಲ. ಈಗ ತಿಳಿಯಿತು.

ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸಿ ಬೆಂಕಿ ಹೊತ್ತಿಸುತ್ತಾರೆ. ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ. ಸೈಕಲ್ ಪಂಪಿನಲ್ಲಿ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಮುಟ್ಟಿ ನೋಡಿದ್ದೀರಲ್ಲ? ಅದೇ ಇಲ್ಲಿಯೂ. ನಮ್ಮ ಕಾರಿನಲ್ಲಿ ಗಾಳಿಯನ್ನು 22ರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಎಂಜಿನ್ ಬಿಸಿಯಿದ್ದಾಗ ಆ ಗಾಳಿ 500 ಡಿಗ್ರಿಗೂ ಮೇಲೆ ಕಾಯುತ್ತದೆ, ಅದರೊಳಕ್ಕೆ ಚಿಮ್ಮಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಈ ಎಂಜಿನ್ನನ್ನು ನಮ್ಮ ಪಕ್ಕದ ಆಗ್ಸ್‌ಬರ್ಗ್‌ನಲ್ಲೇ 1893ರಲ್ಲಿ ಮೊದಲು ಪರೀಕ್ಷಿಸಿದರು. ನೆಚ್ಚಬಹುದಾದ ಎಂಜಿನ್ ಸಿದ್ಧವಾದದ್ದು 1897ರಲ್ಲಿ. ನಮ್ಮ ಎರಡು ತಿಂಗಳು ಅದರ ಮುಂದೆ ಏನೂ ಅಲ್ಲ. ಚಳಿಯ ಬೆಳಿಗ್ಗೆ ತಣ್ಣಗಿನ ಕಬ್ಬಿಣವೇ ಆ ಬಿಸಿಯನ್ನು ಹೀರಿಬಿಡುತ್ತದೆ. ಅದಕ್ಕಾಗಿ ಪ್ರತಿ ಸಿಲಿಂಡರಿಗೂ ಒಂದು ಗ್ಲೋ ಪ್ಲಗ್ ಇಟ್ಟಿರುತ್ತಾರೆ. ಕರೆಂಟು ಹರಿದರೆ ಅದರ ತುದಿ 800 ಡಿಗ್ರಿ ದಾಟಿ ಕೆಂಪಗಾಗುತ್ತದೆ. ಅಪ್ಪಯ್ಯನ ಹಂಡೆನೀರಿನ ಕೆಲಸವನ್ನು ಇಲ್ಲಿ ಪ್ಲಗ್ ಮಾಡುತ್ತದೆ.

ಮಾರನೆಯ ದಿನ ಬೆಳಿಗ್ಗೆ ಏಳೂವರೆಗೆ, ಅಂದರೆ ಊರಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ, ಮತ್ತೆ ಫೋನ್ ಹಚ್ಚಿದೆವು. ನಮ್ಮ ಮನೆಯವರು ಕಾರಿನೊಳಗೆ, ನಾವು ಎಂಜಿನ್ನಿನ ಮುಂದೆ. ಹಿಂದೆ ನಿಲ್ಲಲು ಉಳಿದದ್ದು ಮಗಳೊಬ್ಬಳೇ. ಫೋನ್ ಅವಳ ಕೈಗೆ ಕೊಟ್ಟೆವು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಕನ್ನಡ ಕಲಿಸುವವರ ಮನೆಯ ಮಗುವಾದರೂ ಅವಳು ಅಜ್ಜಯ್ಯನ ಜೊತೆ ಆಡುತ್ತಿದ್ದದ್ದು ಎರಡೇ ವಾಕ್ಯ. "ಚೆನ್ನಾಗಿದ್ದೀರಾ ಅಜ್ಜಯ್ಯ? ಊಟ ಆಯ್ತಾ?" ಅಷ್ಟಾದರೆ ಫೋನ್ ನಮ್ಮ ಕೈಗೆ. ನಮ್ಮೊಂದಿಗೆ ಉತ್ತರವೆಲ್ಲ ಜರ್ಮನ್‌ನಲ್ಲಿ. ನಾವು ಗದರಿಸಿಯೂ ನೋಡಿದ್ದೆವು, ಚಾಕೊಲೇಟ್ ಆಸೆ ತೋರಿಸಿಯೂ ನೋಡಿದ್ದೆವು.

ಎಂಜಿನ್ ತಿರುಗಿತು. "ಬಂತು ಅಜ್ಜಯ್ಯ! ಬಿಳಿ! ತುಂಬಾ ಬಿಳಿ, ಹಾಲಿನ ಹಾಗೆ!"

"ನೀಲಿ ಇಲ್ವಾ ಪುಟ್ಟಿ? ಸರಿ ನೋಡು."

"ನೀಲಿ ಇಲ್ಲ. ಕಪ್ಪೂ ಇಲ್ಲ. ಮೂಗು ಉರೀತಾ ಇದೆ."

"ಹಾಗಾದ್ರೆ ಎಣ್ಣೆ ಬರ್ತಾ ಉಂಟು, ಉರೀತಾ ಇಲ್ಲ. ಒಳಗೆ ಬಿಸಿ ಸಾಲ್ದು."

ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದು, ಕಪ್ಪಾದರೆ ಗಾಳಿಗಿಂತ ಡೀಸೆಲ್ ಹೆಚ್ಚಾಗಿದೆ ಎಂದು. ಬಿಳಿಯೆಂದರೆ ಉರಿಯದ ಡೀಸೆಲ್ ಹಾಗೇ ಆವಿಯಾಗಿ ಹೊರಗೆ ಬರುತ್ತಿದೆ. ಬಿಸಿ ಸಾಲದಿರಲು ಕಂಪ್ರೆಶನ್ ಕಾರಣವಿರಬಹುದು, ಪ್ಲಗ್‌ಗಳೂ ಇರಬಹುದು. ಕಡಿಮೆ ಖರ್ಚಿನದನ್ನು ಮೊದಲು ನೋಡಿದೆವು. ಗ್ಲೋ ದೀಪ ಹೊತ್ತಿ ಆರುತ್ತಿತ್ತಲ್ಲ ಎಂದು ನಾವು ಪ್ಲಗ್‌ಗಳನ್ನು ಅನುಮಾನಿಸಿಯೇ ಇರಲಿಲ್ಲ. ಆದರೆ ನಮ್ಮ ಕಾರಿನ ಆ ದೀಪ ಗಡಿಯಾರದಂತೆ ಹೊತ್ತು ಎಣಿಸುತ್ತದೆ. ಪ್ಲಗ್ ಕಾದಿದೆಯೋ ಇಲ್ಲವೋ ಅದಕ್ಕೆ ತಿಳಿಯದು. ವೈರ್ ಬಿಚ್ಚಿ ಮೀಟರ್ ಹಿಡಿದೆವು. ಒಳ್ಳೆಯ ಪ್ಲಗ್ ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು. ಎರಡು ಹಾಗೇ ತೋರಿಸಿದವು. ಉಳಿದೆರಡರಲ್ಲಿ ಮುಳ್ಳು ಅಲ್ಲಾಡಲೇ ಇಲ್ಲ, ಒಳಗಿನ ತಂತಿ ಸುಟ್ಟು ತುಂಡಾಗಿತ್ತು. ಕಾರು ಎರಡು ಕಾಲಿನಲ್ಲಿ ಕುಂಟುತ್ತಿದ್ದದ್ದು ಅದಕ್ಕೇ.

ಹಳೆಯ ಪ್ಲಗ್ ತೆಗೆಯುವುದು ಹಲ್ಲು ಕೀಳುವ ಹಾಗೆ. ಅವಸರ ಮಾಡಿದರೆ ಅರ್ಧಕ್ಕೆ ಮುರಿದು ಒಳಗೇ ಉಳಿಯುತ್ತದೆ, ಆಗ ನಿಜವಾಗಿಯೂ ಗುಜರಿಯೇ ಗತಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಎರಡು ದಿನ ಕಾದೆವು. ಕಾರನ್ನು ಹೇಗೋ ಸ್ಟಾರ್ಟ್ ಮಾಡಿ ಒಂದು ಸುತ್ತು ಓಡಿಸಿ, ಎಂಜಿನ್ ಬಿಸಿಯಿರುವಾಗ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಎಂದು ತಿರುಗಿಸುತ್ತ ಬಿಚ್ಚಿದೆವು. ಮನೆಯ ಮುಂದೆ ನಿಲ್ಲಿಸಿಯೇ ಎಂಜಿನ್ ಓಡಿಸಿ ಬಿಸಿ ಮಾಡುವುದು ಇಲ್ಲಿ ಕಾನೂನಿಗೆ ವಿರುದ್ಧ, ಅದಕ್ಕೇ ಆ ಸುತ್ತು. ನಾಲ್ಕಕ್ಕೂ ಹೊಸ ಪ್ಲಗ್ ಹಾಕಿದೆವು. ಬಂದ ಖರ್ಚು ಹೊಸ ಬ್ಯಾಟರಿಯದಕ್ಕಿಂತ ಕಡಿಮೆ.

ಎರಡು ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್. ಮೂರನೆಯ ಬೆಳಿಗ್ಗೆ ಮತ್ತೆ ಮುಷ್ಕರ. ನಮ್ಮ ಮನೆಯವರು ಸ್ಟೀರಿಂಗ್ ಮೇಲೆ ತಲೆಯಿಟ್ಟು ಕುಳಿತುಬಿಟ್ಟರು. ಆದರೆ ಮಗಳು ಆಗಲೇ ಹಿಂದೆ ಹೋಗಿ ನಿಂತು ಅಜ್ಜಯ್ಯನಿಗೆ ವರದಿ ಕೊಡುತ್ತಿದ್ದಳು. "ಇವತ್ತು ಹೊಗೆನೇ ಇಲ್ಲ ಅಜ್ಜಯ್ಯ. ಏನೂ ಇಲ್ಲ."

"ಹಾಗಾದ್ರೆ ಇದು ಬೇರೆ ಕಾಯಿಲೆ. ಎಣ್ಣೆನೇ ಬರ್ತಾ ಇಲ್ಲ. ಎಲ್ಲೋ ಗಾಳಿ ಎಳೀತಾ ಉಂಟು."

ನಿಜ. ಫಿಲ್ಟರಿನ ಪಕ್ಕದ ಪಾರದರ್ಶಕ ಕೊಳವೆಯಲ್ಲಿ ಬೆರಳುದ್ದದ ಗಾಳಿಗುಳ್ಳೆ ನಿಂತಿತ್ತು. ಮೂವತ್ತು ವರ್ಷದ ರಬ್ಬರ್ ಉಂಗುರಗಳು ಚಳಿಗೆ ಸೆಟೆದು ಸಂದಿ ಬಿಡುತ್ತವೆ, ಆ ಸಂದಿಯಲ್ಲಿ ಗಾಳಿ ಹೊಕ್ಕು ರಾತ್ರಿಯಿಡೀ ಡೀಸೆಲ್ ಟ್ಯಾಂಕಿನ ಕಡೆಗೆ ಇಳಿದುಹೋಗುತ್ತದೆ. ಮೊದಲೂ ಇದು ಸ್ವಲ್ಪ ಇದ್ದಿರಬೇಕು. ಎರಡು ಕಾಯಿಲೆ ಒಟ್ಟಿಗೆ ಇದ್ದದ್ದರಿಂದ ಒಂದು ದಿನ ಒಂದು ಥರ, ಇನ್ನೊಂದು ದಿನ ಇನ್ನೊಂದು ಥರ ಕಾಣಿಸಿ ನಮ್ಮನ್ನು ಸುತ್ತಾಡಿಸಿದವು. ಕೆಲವೇ ಯೂರೋಗಳ ಉಂಗುರ, ಎರಡು ಗೇಣು ಹೊಸ ಕೊಳವೆ. ಆಮೇಲೆ ತೊಂದರೆ ಕೊಟ್ಟಿಲ್ಲ. ಕಂಪ್ರೆಶನ್ನಿಗೆ ಏನೂ ಆಗಿರಲಿಲ್ಲ.

ಕಾರು ಸರಿಯಾದ ಮೇಲೂ ಬೆಳಗಿನ ಫೋನ್ ನಿಲ್ಲಲಿಲ್ಲ. ಫೆಬ್ರವರಿಯಲ್ಲೊಂದು ದಿನ ಮಗಳಿಗೆ ಬೂದು ಬಣ್ಣಕ್ಕೆ ಕನ್ನಡ ಪದ ಹೊಳೆಯದೆ, "ಗಂಜಿ ತಿಳಿಯ ಹಾಗೆ ಇದೆ" ಎಂದುಬಿಟ್ಟಳು. ಆ ಕಡೆ ಅಪ್ಪಯ್ಯ ಬಹಳ ಹೊತ್ತು ನಕ್ಕರು. ಆಯಿಲ್ ಎಂಜಿನ್ ಇನ್ನೂ ತೋಟದ ಶೆಡ್ಡಿನಲ್ಲೇ ಇದೆಯಂತೆ, ತಿರುಗಿಸದೆ ಹತ್ತು ವರ್ಷವಾಗಿದೆಯಂತೆ. ಆಗಸ್ಟ್‌ಗೆ ಟಿಕೆಟ್ ಆಗಿದೆ. ಹ್ಯಾಂಡಲ್ ತಾನೇ ತಿರುಗಿಸುತ್ತೇನೆ ಎಂದು ಮಗಳು ಹೇಳಿದ್ದಕ್ಕೆ, "ಅದು ವಾಪಸ್ ಹೊಡೆದ್ರೆ ಕೈ ಮುರೀತದೆ, ನಾನು ತಿರುಗಿಸ್ತೇನೆ, ನೀನು ಲಿವರ್ ಹಿಡ್ಕೊ" ಎಂದಿದ್ದಾರೆ. ಲಿವರ್ ಯಾವಾಗ ಬೀಳಿಸಬೇಕು ಎಂಬ ಚರ್ಚೆ ಇನ್ನೂ ನಡೆಯುತ್ತಿದೆ.