ಜಯನಗರದ ಜೋಡುನಳಿಗೆ ಕೋವಿ

ಲಾಲ್‌ಬಾಗಿನ ಬಂಡೆಯ ಮೇಲೆ, ಕೆಂಪೇಗೌಡನ ಗೋಪುರದ ಬಳಿಯಲ್ಲಿ ನಿಂತು ದಕ್ಷಿಣಕ್ಕೆ ದೃಷ್ಟಿ ಹಾಯಿಸಿದರೆ, ಈಗ ಕಣ್ಣು ಮುಟ್ಟುವವರೆಗೂ ಮನೆಗಳೇ. 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರ, ಅದರಾಚೆ ಜೆ.ಪಿ. ನಗರ, ಪಶ್ಚಿಮಕ್ಕೆ ಬನಶಂಕರಿ, ಪೂರ್ವಕ್ಕೆ ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಹೊತ್ತ ಬಿ.ಟಿ.ಎಂ. ಬಡಾವಣೆ, ಇವೆಲ್ಲವೂ ಒಂದು ಕಾಲಕ್ಕೆ ಹೊಲ, ಕೆರೆ, ತೋಪುಗಳ ನೆಲವಾಗಿದ್ದವು. ಇವನ್ನು ದಾಟಿ ಬನ್ನೇರುಘಟ್ಟದ ರಸ್ತೆಯನ್ನು ಹಿಡಿದು ಹೋದವರಿಗೆ ಇಂದಿಗೂ ಆನೆಗಳು ಸಂಚರಿಸುವ ಕಾಡು ದೊರೆಯುತ್ತದೆ. ಊರಿಗೂ ಆ ಕಾಡಿಗೂ ಹಿಂದೆ ಇದ್ದ ನಂಟಿನ ಗುರುತೊಂದನ್ನು ಜಯನಗರದ ಒಂದು ಹಳೆಯ ಮನೆಯಲ್ಲಿ ನೋಡುವ ಅವಕಾಶ ನಮಗೆ ಇತ್ತೀಚೆಗೆ ಒದಗಿತು.

ಅದು ಇಂಗ್ಲೆಂಡಿನಲ್ಲಿ ಸುಮಾರು 1850ರ ಆಸುಪಾಸಿನಲ್ಲಿ ತಯಾರಾದ ಜೋಡುನಳಿಗೆಯ ಕೇಪಿನ ಕೋವಿ. ಅಕ್ರೋಟು ಮರದ ಹಿಡಿ. ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಹುರಿಮಾಡಿ ಬೆಸೆದುದರಿಂದ ನೀರಿನ ಅಲೆಯಂಥ ಗೆರೆಗಳು ಮೂಡಿರುವ ನಳಿಗೆಗಳು. ಅವೆರಡರ ನಡುವಣ ಪಟ್ಟಿಯ ಮೇಲೆ ಲಂಡನ್ನಿನ ಕುಶಲಕರ್ಮಿಯೊಬ್ಬನ ಹೆಸರು. ಹೆಸರನ್ನು ಯಾರು ಬೇಕಾದರೂ ಕೆತ್ತಬಹುದಾದುದರಿಂದ, ಬಲ್ಲವರು ಅದನ್ನು ನಂಬದೆ, ನಳಿಗೆಯ ಅಡಿಭಾಗದಲ್ಲಿರುವ ಪರೀಕ್ಷಾಮುದ್ರೆಯನ್ನು ಹುಡುಕುತ್ತಾರೆ. ಹೆಚ್ಚು ಮದ್ದು ತುಂಬಿ ಹಾರಿಸಿಯೂ ಒಡೆಯದ ನಳಿಗೆಗೆ ಮಾತ್ರ ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯಗಳು ಆ ಮುದ್ರೆಯನ್ನು ಒತ್ತುತ್ತಿದ್ದವು.

ಇದರ ರೀತಿ ಈಗಿನ ತೋಟೆಯ ಕೋವಿಯದಲ್ಲ. ನಳಿಗೆಯ ಬಾಯಿಂದ ಮದ್ದನ್ನು ಅಳೆದು ಸುರಿದು, ಎಣ್ಣೆ ಸವರಿದ ಬಟ್ಟೆಯ ತುಂಡಿನೊಡನೆ ಸೀಸದ ಗುಂಡನ್ನಿಟ್ಟು, ಗಜವೆಂಬ ಕೋಲಿನಿಂದ ಜಡಿಯಬೇಕು. ಹಿಂತುದಿಯಲ್ಲಿರುವ ತೂತಿನ ಮೊಳೆಗೆ ತಾಮ್ರದ ಪುಟ್ಟ ಟೋಪಿಯೊಂದನ್ನು ತೊಡಿಸಬೇಕು, ಅದೇ ಕೇಪು. ಕುದುರೆ ಅದರ ಮೇಲೆ ಬಿದ್ದೊಡನೆ ಒಳಗಿನ ರಾಸಾಯನಿಕ ಸಿಡಿದು ಕಿಡಿಯು ಮದ್ದಿಗೆ ಹಾಯುತ್ತದೆ. ಹೀಗೆ ಪೆಟ್ಟಿನಿಂದಲೇ ಬೆಂಕಿ ಹುಟ್ಟಿಸುವ ಉಪಾಯಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸೈತ್ 1807ರಲ್ಲಿ ಹಕ್ಕುಪತ್ರವನ್ನು ಪಡೆದರು. ಅದಕ್ಕೆ ಮೊದಲು ಚಕಮಕಿ ಕಲ್ಲಿನ ಕೋವಿಗಳಿದ್ದವು. ಮಳೆಯಲ್ಲಿ ಅವುಗಳನ್ನು ನಂಬುವಂತಿರಲಿಲ್ಲ.

ಗಾಯಗೊಂಡ ಮೃಗವು ಮೇಲೆರಗುವಾಗ ಮದ್ದು ತುಂಬುತ್ತ ಕೂರಲು ಸಮಯವೆಲ್ಲಿ? ಅದಕ್ಕಾಗಿಯೇ ಎರಡು ನಳಿಗೆ, ಎರಡು ಕುದುರೆ. ಇವೆರಡರ ಗುಂಡುಗಳೂ ಒಂದೇ ಗುರಿಗೆ ಬೀಳುವಂತೆ ನಳಿಗೆಗಳನ್ನು ಹೊಂದಿಸಿ ಬೆಸೆಯುವುದು ಬಹು ಕಷ್ಟದ ಕೆಲಸ. ಹಾರಿಸಿ ನೋಡಿ, ಬೆಸುಗೆಯನ್ನು ಕಾಯಿಸಿ, ಕೂದಲೆಳೆಯಷ್ಟು ಸರಿಸಿ, ಮತ್ತೆ ಹಾರಿಸಬೇಕು. ಸಂಗ್ರಹಕಾರರು ಇದಕ್ಕೆ ದೊಡ್ಡ ಬೆಲೆ ಕೊಡಲು ಮುಂದಾಗುವುದು ಈ ಕಾರಣದಿಂದಲೇ.

ಎರಡು ಗುಂಡೂ ತಪ್ಪಿದಲ್ಲಿ ಬೇಟೆಗಾರನ ಪ್ರಾಣವು, ಹಿಂದೆ ನಿಂತು ತುಂಬಿದ ಮತ್ತೊಂದು ಕೋವಿಯನ್ನು ಕೈಗೆ ಕೊಡುವವನ ಧೈರ್ಯದ ಮೇಲೆ ನಿಂತಿತ್ತು. ಹೆಜ್ಜೆಯ ಜಾಡು ಹಿಡಿಯುವವನೂ ಅವನೇ, ಮೃಗಕ್ಕೆ ಬರಿಗೈಯಲ್ಲಿ ಎದುರಾಗುವವನೂ ಅವನೇ. ಆ ಮನೆಯ ಹಿರಿಯ ತಾಯಿಯವರನ್ನು ನಾವು ಕೇಳಿದೆವು: “ಅಮ್ಮ, ನಿಮ್ಮ ಮಾವನವರ ತಂದೆಯೊಡನೆ ಕಾಡಿಗೆ ಹೋಗುತ್ತಿದ್ದವರು ಯಾರು?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬನ್ನೇರುಘಟ್ಟದ ಕಡೆಯ ಇರುಳಿಗರವನೊಬ್ಬ. ನಮ್ಮತ್ತೆ ಹೆಸರು ಹೇಳುತ್ತಿದ್ದರು. ಒಮ್ಮೆ ಅವನೇ ಯಜಮಾನರನ್ನು ಉಳಿಸಿದನಂತೆ. ಹೆಸರು ಮಾತ್ರ ನೆನಪಿಗೆ ಬಾರದು” ಎಂದರು.

ಈ ಮಾತು ನಮ್ಮ ಮನಸ್ಸಿನಲ್ಲಿ ನಾಟಿತು. ಏಕೆಂದರೆ ನಮ್ಮ ಪೂರ್ವಿಕರ ಕ್ರಮ ಹೀಗಿರಲಿಲ್ಲ. ಬಿ.ಟಿ.ಎಂ. ಬಡಾವಣೆಗೆ ದಕ್ಷಿಣದಲ್ಲಿರುವ ಬೇಗೂರಿನ ಗಂಗರ ಕಾಲದ ಶಾಸನವು ಬೆಂಗಳೂರಿನ ಕಾಳಗದಲ್ಲಿ ಮಡಿದವನ ಹೆಸರನ್ನು ಸಾವಿರ ವರ್ಷಗಳಿಗೂ ಮಿಕ್ಕಿ ಕಾದಿರಿಸಿದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರಿನ ಕಲ್ಲು, 10ನೆಯ ಶತಮಾನದ್ದು, ಹಂದಿಯೊಡನೆ ಹೋರಾಡಿ ಸತ್ತ ನಾಯಿಯೊಂದರ ಹೆಸರನ್ನು ಕೂಡ ಮರೆಯದೆ ‘ಕಾಳಿ’ ಎಂದು ಹೇಳುತ್ತದೆ. ನಾಯಿಯ ಹೆಸರು ಕಲ್ಲಿನಲ್ಲಿ ಉಳಿದಿರಲು, ಮನುಷ್ಯನ ಹೆಸರು ಮೂರು ತಲೆಮಾರಿನಲ್ಲಿ ಅಳಿಸಿಹೋಯಿತಲ್ಲ! ಕೋವಿಯ ಮೇಲೆ ಮಾಡಿದವನ ಹೆಸರುಂಟು, ಹೊತ್ತವನ ಹೆಸರಿಲ್ಲ.

ಇಂಥ ಕೋವಿಗಳು ಇನ್ನೂ ಕೆಲವು ಮನೆಗಳ ಅಟ್ಟದಲ್ಲೋ ಪೆಟ್ಟಿಗೆಯಲ್ಲೋ ಇರಬಹುದು. ಅಂಥವರಿಗೆ ಒಂದೆರಡು ಮಾತು. ಹಳೆಯ ಕೋವಿ ಖಾಲಿಯೆಂದು ಭಾವಿಸಲಾಗದು. ಹಿಂದೆಂದೋ ತುಂಬಿದ ಮದ್ದು ಒಳಗೇ ಉಳಿದಿರುವುದುಂಟು. ಮಕ್ಕಳ ಕೈಗೆ ಸಿಕ್ಕದಂತಿಟ್ಟು, ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು. 1959ರ ಆಯುಧ ಕಾನೂನು, ದುರಸ್ತಿಮಾಡಿದರೂ ಹಾರದಂಥ ಹಳೆಯ ಆಯುಧಗಳಿಗೆ ವಿನಾಯಿತಿ ಕೊಡುತ್ತದೆ. ಹಾರಬಲ್ಲ ಕೋವಿಗೆ ಪರವಾನಗಿ ಬೇಕು. ಚಾರಿತ್ರಿಕ ಮಹತ್ವವುಳ್ಳ ನೂರು ವರ್ಷ ಮೀರಿದ ವಸ್ತುವನ್ನು ಖಾಸಗಿಯವರು ಪರದೇಶಕ್ಕೆ ಮಾರಿ ಸಾಗಿಸುವುದನ್ನು 1972ರ ಪ್ರಾಚೀನ ವಸ್ತುಗಳ ಕಾನೂನು ತಡೆಯುತ್ತದೆ. ಅದೇ ವರ್ಷದ ವನ್ಯಜೀವಿ ಸಂರಕ್ಷಣಾ ಕಾನೂನು ಬೇಟೆಯ ಕಾಲವನ್ನೇ ಮುಗಿಸಿತು. 1974ರಲ್ಲಿ ಬನ್ನೇರುಘಟ್ಟವು ರಾಷ್ಟ್ರೀಯ ಉದ್ಯಾನವಾಯಿತು. ಅದು ಒಳ್ಳೆಯದೇ ಆಯಿತು.

ಆದರೆ ಕಾನೂನು ಕಾಪಾಡಲಾರದ ಒಂದು ಸ್ವತ್ತುಂಟು. ಮನೆಯ ಹಳೆಯ ವಸ್ತು ಯಾವುದೇ ಆಗಲಿ, ಕೋವಿಯೋ ಕೊಪ್ಪರಿಗೆಯೋ ತೊಟ್ಟಿಲೋ, ಅದನ್ನು ಕೊಂಡವರ ಹೆಸರನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ದುಡಿದವರ ಹೆಸರನ್ನು ಮರೆಯುತ್ತೇವೆ. ಮನೆಯಲ್ಲಿ ಹಿರಿಯರಿರುವ ಸೋದರಿಯರು ಈ ಹಬ್ಬಕ್ಕೆ ಮುಂಚೆಯೇ ಅವರ ಬಳಿ ಕುಳಿತು, ಕೇಳಿ, ಒಂದು ಪುಸ್ತಕದಲ್ಲಿ ಬರೆದಿಡಲಿ. ಬೆಲೆ ಕಟ್ಟುವವರು ನಾಳೆಯೂ ಬಂದಾರು; ಹೆಸರು ಹೇಳಬಲ್ಲವರು ನಾಳೆಯೂ ಇರುವರೆಂದು ಹೇಳಲಾಗದು.