ಒಣಬಟ್ಟೆಯ ಸೇವೆ

ಜಮಖಂಡಿ ತಾಲ್ಲೂಕಿನ ತುಬಚಿ ನಮ್ಮೂರು. ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಿಂದಾಗಿ ಈ ಹೆಸರು ಹೊರಗಿನವರಿಗೂ ಪರಿಚಿತವಾಗಿದೆ. ಕಪ್ಪು ಮಣ್ಣು, ಕೃಷ್ಣೆಯ ನೀರು, ಕಬ್ಬಿನ ಬೆಳೆ ಇವು ನಮ್ಮ ಭಾಗದ ಭಾಗ್ಯ. ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಹಗಲಿರುಳೂ ಟ್ರ್ಯಾಕ್ಟರುಗಳ ಸಂಚಾರ. ಅವು ಎಬ್ಬಿಸುವ ಸಣ್ಣ ಧೂಳು ಮನೆಯ ಕಟ್ಟೆ, ಒಣಹಾಕಿದ ಬಟ್ಟೆ, ಅಂಗಳದ ತುಳಸಿಗಿಡ ಎಲ್ಲದರ ಮೇಲೂ ಸಮನಾಗಿ ಕೂಡುತ್ತದೆ.

ಶಿಕ್ಷಕ ವೃತ್ತಿಯಿಂದ ನಿವೃತ್ತರಾದ ಮೇಲೆ ಹುಬ್ಬಳ್ಳಿಯಲ್ಲಿರುವ ನಮ್ಮ ಮಗ ಒಂದು ಕಪ್ಪು ಕಾರನ್ನು ತಂದುಕೊಟ್ಟ. ಮಗನ ದುಡಿಮೆಯ ವಸ್ತುವೆಂದರೆ ತಂದೆಗೆ ಅಭಿಮಾನವಿರುವುದು ಸಹಜವಷ್ಟೆ. ಪ್ರತಿದಿನ ಪ್ರಾತಃಕಾಲ ಪೂಜೆ ಮುಗಿಸಿ, ಹಳೆಯ ಧೋತರದ ತುಂಡೊಂದನ್ನು ಹಿಡಿದು ಕಾರಿನ ಧೂಳನ್ನು ಒರೆಸುವುದು ನಮ್ಮ ನಿತ್ಯನೇಮವಾಯಿತು. ಮೊಣಕಾಲು ನೋವಿನಿಂದ ಬಾಗಲಾಗದ ಕಾರಣ ಬಾನೆಟ್ಟು ಹಾಗೂ ಬಾಗಿಲುಗಳ ಮೇಲ್ಭಾಗ ಮಾತ್ರ ನಮ್ಮ ಪಾಲು. ವಾರಕ್ಕೊಮ್ಮೆ ಇಡೀ ಕಾರನ್ನು ತೊಳೆಯಲು ಊರಿನ ತರುಣನೊಬ್ಬ ಬರುತ್ತಿದ್ದ. ಅವನು ನಮ್ಮ ಕೈಯಲ್ಲೇ ಅಕ್ಷರ ಕಲಿತವನು.

ಒಂದೂವರೆ ವರ್ಷ ಹೀಗೆಯೇ ನಡೆಯಿತು. ಬೇಸಿಗೆಯಲ್ಲಿ ಬೀಗರ ಮನೆಯ ಮದುವೆಗೆ ಹೋದಾಗ, ನಡುಮಧ್ಯಾಹ್ನದ ಬಿಸಿಲಿನಲ್ಲಿ ನಿಂತಿದ್ದ ಕಾರನ್ನು ನೋಡಿ ಬಂಧುಗಳೊಬ್ಬರು, "ಏನ್ರೀ ಮಾಸ್ತರ, ಹೊಸಾ ಗಾಡಿ, ಬೂದಿ ಹಚ್ಚಿ ತಿಕ್ಕೀರೇನು?" ಎಂದು ನಕ್ಕರು. ನೋಡುತ್ತೇವೆ, ಬಾನೆಟ್ಟಿನ ತುಂಬ ಜೇಡರ ಬಲೆ ಕಟ್ಟಿದಂತೆ ಸಣ್ಣ ಸಣ್ಣ ಗೀರುಗಳು! ಮನೆಯ ನೆರಳಿನಲ್ಲಿ ಒಂದು ದಿನವೂ ಕಾಣದಿದ್ದವು ಬಿಸಿಲಿನಲ್ಲಿ ಲೆಕ್ಕವಿಲ್ಲದಷ್ಟು ಕಂಡವು.

ಊರಿಗೆ ಮರಳಿದವರೇ ಆ ತರುಣನನ್ನು ಕರೆಸಿ, ನಾಲ್ಕು ಜನರ ಎದುರಿಗೆ ನಿಷ್ಠುರವಾಗಿ ಮಾತನಾಡಿದೆವು. ಅವನು ತಲೆ ತಗ್ಗಿಸಿ, "ಮಾಸ್ತರ, ನೀರ ಹಾಕದ ನಾ ಎಂದೂ ಬಟ್ಟಿ ಹಚ್ಚಿಲ್ಲರಿ" ಎಂದಷ್ಟೇ ಹೇಳಿದ. ನಾವು ಕೇಳಲಿಲ್ಲ. ಮರುವಾರದಿಂದ ಅವನು ಬರುವುದನ್ನು ಬಿಟ್ಟ.

ದೀಪಾವಳಿಗೆ ಬಂದ ಮಗ ಈ ದೂರನ್ನು ಕೇಳಿ, ಸಂಜೆ ಮೊಬೈಲಿನ ಬೆಳಕು ಹಿಡಿದು ಕಾರನ್ನು ಸುತ್ತಲೂ ಪರೀಕ್ಷಿಸಿದ. ಬೆಳಕು ಸರಿದಂತೆಲ್ಲ ಬಲೆಯೂ ಅದರೊಡನೆಯೇ ಸರಿಯುತ್ತಿತ್ತು. ಅದರ ಕಾರಣವನ್ನು ಆಗ ತಿಳಿದೆವು. ಗೀರುಗಳು ಎಲ್ಲ ದಿಕ್ಕಿಗೂ ಹರಡಿರುತ್ತವೆ. ಅವುಗಳಲ್ಲಿ ಬೆಳಕಿನ ಬಿಂದುವಿಗೆ ಅಡ್ಡಲಾಗಿ ಬಿದ್ದವು ಮಾತ್ರ ನಮ್ಮ ಕಣ್ಣಿಗೆ ಹೊಳೆಯುವುದರಿಂದ ಬಿಂದುವಿನ ಸುತ್ತ ಬಳೆ ಬಳೆಯಾಗಿ ಸುತ್ತಿದಂತೆ ತೋರುತ್ತದೆ. ಇವಕ್ಕೆ ಗ್ಯಾರೇಜಿನವರು ಸ್ವರ್ಲ್ ಮಾರ್ಕ್ ಎನ್ನುತ್ತಾರೆ.

ಮಗ ನಮ್ಮನ್ನು ಹತ್ತಿರ ಕರೆದು, "ಅಪ್ಪಾ, ಇಲ್ಲಿ ನೋಡ್ರಿ" ಎಂದ. ಬಾನೆಟ್ಟಿನ ಮೇಲೆ, ಬಾಗಿಲುಗಳ ಮೇಲ್ಭಾಗದಲ್ಲಿ ಗೀರುಗಳು ದಟ್ಟವಾಗಿದ್ದವು. ನಾವು ಬಾಗಿ ಮುಟ್ಟದಿದ್ದ ಕೆಳಭಾಗದಲ್ಲಿ, ಆ ತರುಣ ಮಾತ್ರ ತೊಳೆಯುತ್ತಿದ್ದ ಹಿಂಬದಿಯಲ್ಲಿ ಗೀರುಗಳು ತೀರ ವಿರಳ. ಮಗ ಮುಂದೆ ಏನನ್ನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನಮ್ಮ ಧೂಳಿನಲ್ಲಿ ಮಣ್ಣಿನ ಜೊತೆಗೆ ಮರಳಿನ ಸೂಕ್ಷ್ಮ ಕಣಗಳೂ ಇರುತ್ತವೆ. ಅವು ಕಾರಿನ ಬಣ್ಣಕ್ಕಿಂತ ಬಹಳ ಗಡಸು. ಒಣಬಟ್ಟೆಯಿಂದ ಒರೆಸಿದಾಗ ಬಟ್ಟೆಯೇ ಉಜ್ಜುಕಾಗದವಾಗುತ್ತದೆ. ಒಂದೂವರೆ ವರ್ಷ ದಿನಂಪ್ರತಿ ನಾವು ಮಾಡಿದ ಸೇವೆ ಇದು!

ಮಗ ಹುಬ್ಬಳ್ಳಿಯಿಂದ ಪಾಲಿಶಿಂಗ್ ಮಷಿನ್ ತರುವುದಾಗಿ ಹೇಳಿದ. ಅದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದು ನಮ್ಮ ಪಾಲಿಗಿತ್ತು. ಮರುದಿನ ಆ ತರುಣನ ಮನೆಗೆ ಹೋದೆವು. ಅವನ ತಾಯಿ ಚಾಪೆ ಹಾಸಿ ನೀರು ಕೊಟ್ಟರು. ನೀರು ಕುಡಿಯುವ ಮೊದಲೇ, "ತಪ್ಪು ನಮ್ಮದಪ್ಪಾ, ನಾಲ್ಕು ಮಂದಿಯ ಮುಂದೆ ನಿನಗೆ ಅಂದದ್ದನ್ನು ಅದೇ ನಾಲ್ಕು ಮಂದಿಯ ಮುಂದೆ ಹಿಂದಕ್ಕೆ ತೊಗೊಂಡೇವಿ" ಎಂದೆವು. ಕಲಿಸಿದ ಗುರುವಿನ ಬಾಯಿಂದ ಈ ಮಾತು ಬಂದುದಕ್ಕೆ ಅವನೇ ಸಂಕೋಚಪಟ್ಟು, "ಇರ್ಲಿ ಬಿಡ್ರಿ ಮಾಸ್ತರ" ಎಂದ. ಮಾತು ಕೊಟ್ಟಂತೆ ಆ ಹಿರಿಯರ ಎದುರಿನಲ್ಲಿಯೂ ನಡೆದುಕೊಂಡೆವು.

ಮುಂದಿನ ಭಾನುವಾರ ಕೊಟ್ಟಿಗೆಯ ಪಕ್ಕದ ನೆರಳಿನಲ್ಲಿ ಮಗನೂ ಆ ತರುಣನೂ ಕೂಡಿ ಕೆಲಸಕ್ಕೆ ತೊಡಗಿದರು. ನಾವು ಕುರ್ಚಿ ಹಾಕಿಕೊಂಡು ವಿದ್ಯಾರ್ಥಿಯಾದೆವು. ಮೊದಲು ಧಾರಾಳವಾಗಿ ನೀರು ಸುರಿದು, ಶಾಂಪೂವಿನಿಂದ ತೊಳೆದರು. ತೊಳೆದರೂ ಬಣ್ಣಕ್ಕೆ ಅಂಟಿಕೊಂಡಿದ್ದ ಕಣಗಳನ್ನು, ಜಾರುವ ದ್ರವ ಸಿಂಪಡಿಸಿ, ಕ್ಲೇ ಬಾರ್ ಎಂಬ ಕಣಕದಂತಹ ಮುದ್ದೆಯಿಂದ ಮೆಲ್ಲನೆ ಸವರಿ ತೆಗೆದರು. ರಬ್ಬರು, ಪ್ಲಾಸ್ಟಿಕ್ ಭಾಗಗಳಿಗೂ ಬಣ್ಣ ತೆಳುವಾಗಿರುವ ಅಂಚುಗಳಿಗೂ ಟೇಪು ಹಚ್ಚಿದರು.

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ಸಾಮಾನ್ಯವಾಗಿ ಅದರ ದಪ್ಪ 40ರಿಂದ 50 ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗವೇ ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಈ ಪದರ ಎಷ್ಟು ತೆಳುವೆಂಬುದನ್ನು ಊಹಿಸಬಹುದು. ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಯುವುದೂ ಇದೇ. ಗೀರುಗಳು ಇರುವುದು ಈ ಪದರದಲ್ಲಿ. ಮಷಿನ್ ಗೀರನ್ನು ತುಂಬುವುದಿಲ್ಲ. ಗೀರಿನ ತಳದವರೆಗೆ ಸುತ್ತಲಿನ ಪದರವನ್ನೇ ಸವೆಸಿ ಸಮ ಮಾಡುತ್ತದೆ. ಕುಡಗೋಲಿಗೆ ಸಾಣೆ ಹಿಡಿದಾಗಲೆಲ್ಲ ಉಕ್ಕು ಸವೆಯುವಂತೆ ಇಲ್ಲಿಯೂ ಪ್ರತಿ ಸಲ ಕೆಲವು ಮೈಕ್ರಾನ್ ಹೋಗುತ್ತದೆ. ಹೋದದ್ದು ಮರಳಿ ಬಾರದು. ಬರಿಯ ವ್ಯಾಕ್ಸ್ ಹಚ್ಚಿ ಗೀರನ್ನು ಮುಚ್ಚುವವರೂ ಉಂಟು. ಕೆಲವು ಸಲ ತೊಳೆದರೆ ಅದು ಮತ್ತೆ ಇಣುಕುತ್ತದೆ.

ಮಷಿನ್‌ಗಳಲ್ಲಿ ಎರಡು ಬಗೆ. ರೋಟರಿ ಎಂಬುದು ಒಂದೇ ಅಚ್ಚಿನ ಮೇಲೆ ತಿರುಗುತ್ತದೆ. ಬೇಗ ಕೆಲಸ ಮಾಡುತ್ತದೆ, ಬೇಗ ಕಾಯಿಸುತ್ತದೆ. ಪಳಗದ ಕೈಯಲ್ಲಿ ಬಣ್ಣವನ್ನು ಸುಡಲೂಬಹುದು, ತಾನೇ ಹೊಸ ಸುಳಿಗೆರೆಗಳನ್ನು ಬಿಡಲೂಬಹುದು. ಡ್ಯುಯಲ್ ಆ್ಯಕ್ಷನ್ ಎಂಬುದು ತಿರುಗುತ್ತಲೇ ಅತ್ತಿತ್ತ ತೂಗಾಡುವುದರಿಂದ ಶಾಖ ಒಂದೆಡೆ ನಿಲ್ಲುವುದು ಕಡಿಮೆ. ಹೊಸಬರಿಗೆ ಇದೇ ಕ್ಷೇಮವೆಂದು ಮಗ ಇದನ್ನೇ ತಂದಿದ್ದ.

ಮೊದಲು ಒಂದು ಚಿಕ್ಕ ಜಾಗದಲ್ಲಿ ಅತಿ ಮೃದುವಾದ ಫೋಮ್ ಪ್ಯಾಡು, ಅತಿ ನುಣುಪಾದ ಪಾಲಿಶ್ ಬಳಸಿ ನೋಡಿದರು. ಸಾಲದಾದಾಗ ಒಂದು ಹಂತ ಒರಟಾದುದಕ್ಕೆ ಹೋದರು. ನಾಲ್ಕೈದು ಹನಿ ಕಾಂಪೌಂಡು, ಎರಡು ಅಡಿ ಚೌಕದಷ್ಟು ಜಾಗ. ಒಮ್ಮೆ ಉದ್ದ, ಒಮ್ಮೆ ಅಡ್ಡ, ಹೊಲ ಹರಗಿದಂತೆ ಸಾಲಿನ ಮೇಲೆ ಸಾಲು. ಆಮೇಲೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಬೆಳಕು ಹಿಡಿದು ಪರೀಕ್ಷೆ. ಕೊನೆಗೆ ನುಣುಪು ಪಾಲಿಶ್, ಅದರ ಮೇಲೆ ವ್ಯಾಕ್ಸ್. ಮಧ್ಯಾಹ್ನದ ಹೊತ್ತಿಗೆ ಮಷಿನ್ ಆ ತರುಣನ ಕೈಗೆ ಬಂದಿತ್ತು. ಅವನ ಕೈ ನಮ್ಮ ಮಗನ ಕೈಗಿಂತ ನಿಧಾನ, ಸ್ಥಿರ. ಕಾಯಕದಲ್ಲಿ ಶ್ರದ್ಧೆಯುಳ್ಳವನ ಕೈ ಎಂಥದೆಂಬುದನ್ನು ಗುರುವಾದ ನಾವು ಅಂದು ಶಿಷ್ಯನಲ್ಲಿ ಕಂಡೆವು.

ಸಂಜೆ ಬಾನೆಟ್ಟಿನಲ್ಲಿ ಬೇವಿನ ಮರದ ಎಲೆ ಎಲೆಯೂ ಕಂಡಿತು. ಎಡಬಾಗಿಲಿನ ಒಂದು ಗೀರು ಮಾತ್ರ ಹಾಗೆಯೇ ಉಳಿಯಿತು. ಉಗುರು ಆಡಿಸಿದರೆ ತಡೆಯುವಷ್ಟು ಆಳ ಅದು. ಅದನ್ನು ಪೂರ್ತಿ ಅಳಿಸಹೋದರೆ ಪದರವೇ ತೀರಿಹೋಗುವುದೆಂದು ಮಗ ಬಿಡಿಸಿದ. ಬಹುಶಃ ಧೋತರದಲ್ಲಿ ಸಿಕ್ಕ ಹರಳೊಂದು ಎಳೆದ ಗೆರೆ. ಅದು ನಮ್ಮ ಲೆಕ್ಕದ್ದೇ.

ಈಗ ಒಣಬಟ್ಟೆ ನಮ್ಮ ಮನೆಯಲ್ಲಿ ಕಾರಿನ ಹತ್ತಿರ ಸುಳಿಯುವುದಿಲ್ಲ. ಧೂಳು ಕೂತರೆ ಕೂತಿರಲಿ. ವಾರಕ್ಕೊಮ್ಮೆ ಮೊದಲು ನೀರು ಹರಿಸಿ ಧೂಳನ್ನು ಇಳಿಸುವುದು. ಶಾಂಪೂವಿಗೆ ಒಂದು ಬಕೆಟ್ಟು, ಬಟ್ಟೆ ಜಾಲಿಸಲು ಇನ್ನೊಂದು. ಮೇಲಿನಿಂದ ಕೆಳಕ್ಕೆ ತೊಳೆಯುವುದು. ಬೋರಿನ ಗಡಸು ನೀರು ಬಿಳಿ ಕಲೆ ಬಿಡುವುದರಿಂದ ನೆರಳಿನಲ್ಲಿಯೇ ಕೂಡಲೇ ಮೃದು ಬಟ್ಟೆಯಿಂದ ನೀರನ್ನು ಹೀರಿಸುವುದು. ಇಷ್ಟನ್ನು ಪಾಲಿಸಿದರೆ ಮಷಿನ್ ಹಿಡಿಯುವ ಪ್ರಸಂಗ ಬಹಳ ವರ್ಷ ಬಾರದು. ಆ ತರುಣ ಈಗಲೂ ವಾರಕ್ಕೊಮ್ಮೆ ಬರುತ್ತಾನೆ. ಸುತ್ತಲಿನ ಊರುಗಳವರೂ ಪಾಲಿಶ್ ಕೆಲಸಕ್ಕೆ ಅವನನ್ನು ಕರೆಯತೊಡಗಿದ್ದಾರೆ.

ಸಹೃದಯ ಓದುಗರೇ, ಮನೆಯ ವಸ್ತು ಕೆಟ್ಟಾಗ ಮೊದಲ ಬೆರಳು ದುಡಿಯುವವನ ಕಡೆಗೆ ಹೋಗುವುದು ನಮ್ಮಲ್ಲಿ ರೂಢಿಯಾಗಿದೆ. ಬೆರಳು ಎತ್ತುವ ಮೊದಲು ಒಮ್ಮೆ ಬೆಳಕು ಹಿಡಿದು ನೋಡಿಕೊಳ್ಳೋಣ. ಎಡಬಾಗಿಲನ್ನು ತೆರೆಯುವಾಗಲೆಲ್ಲ ಉಳಿದ ಆ ಒಂದು ಗೀರು ನಮಗೆ ಇದನ್ನೇ ನೆನಪಿಸುತ್ತದೆ.